ಉಳುವವನಿಗೆ ಭೂಮಿ ಕೊಟ್ಟ ಕಾಯ್ದೆ ನ್ಯಾಯವಾಗಿತ್ತೇ? ಸ್ವಾತಂತ್ರ್ಯ ಮತ್ತು ಸಮಾನತೆಯ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ರಾಜ್ಯಶಾಸ್ತ್ರದ ಉಪನ್ಯಾಸಕ

ಪದವಿಪೂರ್ವ ತರಗತಿಗಳಿಗೆ ರಾಜ್ಯಶಾಸ್ತ್ರ ಹೇಳಿಕೊಡುವ ನನಗೆ ಸ್ವಾತಂತ್ರ್ಯ ಮತ್ತು ಸಮಾನತೆಯ ಪಾಠಕ್ಕೆ ಬಂದಾಗಲೆಲ್ಲ ಒಂದು ತೊಡಕು ಎದುರಾಗುತ್ತದೆ. ಇವೆರಡೂ ಒಂದಕ್ಕೊಂದು ಪೂರಕ ಎಂದು ಬರೆಸಿ ಮುಂದೆ ಸಾಗುವುದು ಸುಲಭ. ಆದರೆ ಉದಾಹರಣೆಯೆಂದು ಕರ್ನಾಟಕದ ಭೂಸುಧಾರಣೆಯನ್ನು ಎತ್ತಿಕೊಂಡ ಕೂಡಲೇ ತರಗತಿ ಎರಡಾಗುತ್ತದೆ. ನಮ್ಮದು ಕರಾವಳಿಯ ಕಾಲೇಜು. ‘ಡಿಕ್ಲರೇಷನ್’, ಅಂದರೆ ಗೇಣಿ ಭೂಮಿಯ ಹಕ್ಕು ಕೇಳುವ ಅರ್ಜಿ, ಹಾಕಿ ಭೂಮಿ ಪಡೆದವರ ಮೊಮ್ಮಕ್ಕಳೂ, ಅದೇ ಡಿಕ್ಲರೇಷನ್‌ನಲ್ಲಿ ಭೂಮಿ ಕಳೆದುಕೊಂಡವರ ಮೊಮ್ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ಕಾಯ್ದೆಯ ಹಿನ್ನೆಲೆ ಇಲ್ಲಿರುವ ಹಲವರಿಗೆ ಗೊತ್ತಿರುವಂಥದೇ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಅಂದು ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು, ಅದನ್ನು ಉಳುತ್ತಿದ್ದವರು ಅರ್ಜಿ ಹಾಕಿಕೊಂಡು ಅಧಿಭೋಗ ಹಕ್ಕು, ಅಂದರೆ ಆ ಭೂಮಿಯನ್ನು ತಮ್ಮದಾಗಿಸಿಕೊಳ್ಳುವ ಹಕ್ಕು, ಪಡೆಯಬಹುದಾಯಿತು. ಹೋದ ತಿಂಗಳು ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ನಮ್ಮ ಮುತ್ತಜ್ಜಿ ಗಂಡ ಸತ್ತ ಮೇಲೆ ಒಂದೂವರೆ ಎಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಅಕ್ಕಿ ಕಾಣುತ್ತಿದ್ದರಂತೆ, ಅದೂ ಹೋಯಿತು, ಅವರೂ ಜಮೀನ್ದಾರರೇ ಸರ್?” ಎಂದು ಕೇಳಿದಳು. ಅವಳಿಗೆ ನಾನು ಕೊಟ್ಟ ಉತ್ತರ ನನಗೇ ತೃಪ್ತಿ ತರಲಿಲ್ಲ.

ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ಒಬ್ಬರ ಆಸ್ತಿಯ ಹಕ್ಕನ್ನು ಮೊಟಕುಗೊಳಿಸಿ ಇನ್ನೊಬ್ಬರನ್ನು ಸಮಾನತೆಯ ಕಡೆಗೆ ತರುವ ನೀತಿಯೊಂದು ನ್ಯಾಯವಾಗಿತ್ತೋ ಇಲ್ಲವೋ ಎಂಬುದನ್ನು ಯಾವ ಅಳತೆಯಿಂದ ತೀರ್ಮಾನಿಸಬೇಕು? ಫಲ ಪಡೆದವರ ಸಂಖ್ಯೆಯಿಂದಲೇ, ಕಳೆದುಕೊಂಡವರ ಸ್ಥಿತಿಯಿಂದಲೇ, ಅಥವಾ ನೀತಿಯನ್ನು ಜಾರಿಗೆ ತಂದ ರೀತಿಯಿಂದಲೇ? ಪಕ್ಷರಾಜಕಾರಣವನ್ನು ಬದಿಗಿಟ್ಟು ಉತ್ತರಿಸಬೇಕೆಂದು ವಿನಂತಿ.

ಉತ್ತರ 1: ನಿವೃತ್ತ ಕಂದಾಯ ನೌಕರ

ನಾನು ಕಂದಾಯ ಇಲಾಖೆಗೆ ಸೇರುವ ಹೊತ್ತಿಗೆ ಭೂನ್ಯಾಯ ಮಂಡಳಿಗಳ ದೊಡ್ಡ ಕೆಲಸ ಮುಗಿದಿತ್ತು. ಆದರೆ ಹೈಕೋರ್ಟಿನಿಂದ ಮರುವಿಚಾರಣೆಗೆಂದು ಹಿಂದಿರುಗಿದ ಕಡತಗಳು ನನ್ನ ಮೇಜಿನ ಮೇಲೆ ವರ್ಷಗಟ್ಟಲೆ ಇದ್ದವು. ಆ ಕಡತಗಳನ್ನು ಓದಿದವನಾಗಿ ಹೇಳುವುದಾದರೆ, ನಿಮ್ಮ ಮೂರು ಅಳತೆಗಳಲ್ಲಿ ಮೂರನೆಯದಕ್ಕೆ ಹೆಚ್ಚು ತೂಕ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು 1961ರ ಮೂಲ ಕಾಯ್ದೆಯನ್ನು ನೋಡಿ. 1965ರ ಅಕ್ಟೋಬರ್ 2ರಂದು ಅದು ಜಾರಿಗೆ ಬಂದಾಗ ಗೇಣಿದಾರನಿಗೆ ರಕ್ಷಣೆಯಿದೆ ಎಂದೇ ಬರೆದಿತ್ತು. ಆದರೆ ಸ್ವಂತ ಸಾಗುವಳಿಗೆ ಬೇಕು ಎಂದು ಹೇಳಿ ಮಾಲೀಕನು ಭೂಮಿಯನ್ನು ಹಿಂದಕ್ಕೆ ಪಡೆಯುವ ಅವಕಾಶವೂ ಅದರಲ್ಲೇ ಇತ್ತು, ತಕರಾರು ಬಂದರೆ ಮುನ್ಸೀಫರ ನ್ಯಾಯಾಲಯಕ್ಕೆ ಹೋಗಬೇಕಾಗಿತ್ತು. ಧಣಿಯ ಮನೆಯಂಗಳದಲ್ಲಿ ತಲೆಯೆತ್ತಿ ನಿಲ್ಲಲೂ ಹಿಂಜರಿಯುತ್ತಿದ್ದ ಒಕ್ಕಲು, ಪೇಟೆಗೆ ಹೋಗಿ ವಕೀಲರನ್ನು ಹಿಡಿದು, ಫೀಸು ಕಟ್ಟಿ, ಅದೇ ಧಣಿಯ ವಿರುದ್ಧ ದಾವೆ ನಡೆಸುತ್ತಾನೆ ಎಂದು ಆ ಕಾಯ್ದೆ ನಂಬಿತ್ತು. ಕಾನೂನಿನ ಮುಂದೆ ಇಬ್ಬರೂ ಸಮಾನರಾಗಿದ್ದರು, ನಿಜ. ಆದರೆ ಕಾನೂನಿನ ಬಾಗಿಲವರೆಗೆ ಹೋಗುವ ಶಕ್ತಿ ಇದ್ದುದು ಒಬ್ಬನಿಗೆ ಮಾತ್ರ.

1974ರ ತಿದ್ದುಪಡಿ ಬದಲಿಸಿದ್ದು ಈ ಬಾಗಿಲನ್ನು. ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ ಬಂದಿತು. ಉಪವಿಭಾಗಾಧಿಕಾರಿ ಅದರ ಅಧ್ಯಕ್ಷರು. ಸರ್ಕಾರ ನೇಮಿಸಿದ ನಾಲ್ವರು ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು ಎಂಬ ನಿಯಮ ಕಾಯ್ದೆಯಲ್ಲೇ ಇತ್ತು. ಗೇಣಿದಾರನು ಫಾರಂ 7 ತುಂಬಿಕೊಟ್ಟರೆ ಸಾಕು, ನೋಟಿಸು, ವಿಚಾರಣೆ, ಸ್ಥಳ ತನಿಖೆ ಎಲ್ಲವೂ ಮಂಡಳಿಯ ಹೊಣೆ. ವಕೀಲರು ಹಾಜರಾಗುವಂತಿಲ್ಲ ಎಂದೂ ಬರೆದಿತ್ತು. ಅರ್ಜಿ ಕೊಡುವ ಗಡುವು ಹಲವು ಬಾರಿ ಮುಂದಕ್ಕೆ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಎಂಟು ಲಕ್ಷದ ಆಸುಪಾಸಿನಲ್ಲಿ ಅರ್ಜಿಗಳು ಬಂದವು, ಅರ್ಧಕ್ಕಿಂತ ಹೆಚ್ಚಿನವು ಗೇಣಿದಾರರ ಪರವಾಗಿ ತೀರ್ಮಾನವಾದವು.

ನಾನು ನೋಡಿದ ಕಡತಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಇಷ್ಟು: ಮಾಸಿದ ಫಾರಂ 7, ಅದರ ಕೆಳಗೆ ಹೆಬ್ಬೆಟ್ಟಿನ ಗುರುತು; ನಾಲ್ಕಾರು ವರ್ಷಗಳ ಪಹಣಿ; ಅಕ್ಕಪಕ್ಕದ ಗದ್ದೆಯವರ ಹೇಳಿಕೆಗಳು; ಅದೃಷ್ಟವಿದ್ದರೆ ಒಂದೆರಡು ಗೇಣಿ ಚೀಟಿ. ಪಹಣಿಯ 9ನೇ ಕಲಮಿನಲ್ಲಿ ಮಾಲೀಕನ ಹೆಸರು ಇದ್ದೇ ಇರುತ್ತಿತ್ತು. 12ನೇ ಕಲಮಿನಲ್ಲಿ, ಅಂದರೆ ಸಾಗುವಳಿ ಮಾಡುವವನ ಹೆಸರು ಇರಬೇಕಾದ ಕಡೆ, ಎಷ್ಟೋ ಸಲ ‘ಸ್ವಂತ’ ಎಂದೇ ಬರೆದಿರುತ್ತಿತ್ತು. ಯಾಕೆಂದರೆ ಬಾಯಿಮಾತಿನ ಗೇಣಿಗೆ ದಾಖಲೆಯೇ ಇರುತ್ತಿರಲಿಲ್ಲ, ದಾಖಲೆ ಬರೆಯುವವನಿಗೂ ಧಣಿಯ ಮನೆಯಲ್ಲೇ ಊಟವಾಗುತ್ತಿತ್ತು. ಇಂಥ ಕಡೆ ಪಹಣಿಯನ್ನೇ ಪ್ರಮಾಣವಾಗಿ ಹಿಡಿದಿದ್ದರೆ ಕಾಯ್ದೆ ಬಂದೂ ಬಾರದಂತಾಗುತ್ತಿತ್ತು. ಮಂಡಳಿಯ ಸದಸ್ಯರು ಗದ್ದೆಯ ಬದುವಿಗೇ ಹೋಗಿ, ಇಲ್ಲಿ ನೇಜಿ ನೆಟ್ಟವರು ಯಾರು, ಕೊಯ್ಲಿನ ದಿನ ಕಣದಲ್ಲಿ ಇದ್ದವರು ಯಾರು ಎಂದು ನೆರೆಹೊರೆಯವರನ್ನು ವಿಚಾರಿಸಿದ್ದರಿಂದಲೇ ಎಷ್ಟೋ ಅರ್ಜಿಗಳು ಉಳಿದುಕೊಂಡವು.

ಲೋಪಗಳೂ ಇದ್ದವು, ಅದನ್ನು ಮುಚ್ಚಿಡಬಾರದು. ಕಾರಣವನ್ನೇ ಕೊಡದ ಎರಡು ಸಾಲಿನ ಆದೇಶಗಳು, ಎದುರುದಾರನಿಗೆ ನೋಟಿಸು ಮುಟ್ಟಿದ ಪುರಾವೆಯಿಲ್ಲದ ಪ್ರಕರಣಗಳು, ಪಾಟೀಸವಾಲಿಗೆ ಅವಕಾಶವೇ ಸಿಗದ ವಿಚಾರಣೆಗಳು ಧಾರಾಳವಾಗಿದ್ದವು. ಹೈಕೋರ್ಟು ಅಂಥವನ್ನು ರದ್ದುಪಡಿಸಿ ವಾಪಸು ಕಳಿಸುತ್ತಿತ್ತು. ಹಾಗಾಗಿ ಒಂದೇ ಗದ್ದೆಯ ತಕರಾರು ಮಗನ ಕಾಲಕ್ಕೂ ಮೊಮ್ಮಗನ ಕಾಲಕ್ಕೂ ಎಳೆದದ್ದುಂಟು.

ಆ ವಿದ್ಯಾರ್ಥಿನಿಯ ಮುತ್ತಜ್ಜಿಯ ವಿಷಯದಲ್ಲಿ ನನ್ನ ಉತ್ತರ ಇಷ್ಟೇ: ಆಕೆ ಜಮೀನ್ದಾರರಲ್ಲ, ಮತ್ತು ಆಕೆಗೆ ಅನ್ಯಾಯವಾಗಿದೆ. ಸೈನಿಕರಿಗೆ ಮತ್ತು ನಾವಿಕರಿಗೆ ಕೊಟ್ಟ ವಿನಾಯಿತಿಯನ್ನು ತೀರಾ ಸಣ್ಣ ಹಿಡುವಳಿಯ ವಿಧವೆಯರಿಗೆ ಯಾಕೆ ಕೊಡಲಿಲ್ಲ ಎಂದರೆ, ಹಿಂದಿನ ಕಾಯ್ದೆಯ ವಿನಾಯಿತಿಗಳನ್ನು ಬಳಸಿಕೊಂಡೇ ದೊಡ್ಡವರು ತಪ್ಪಿಸಿಕೊಂಡಿದ್ದರು ಎಂಬ ಕಾರಣ ಹೇಳುತ್ತಾರೆ. ಕಾರಣ ಸುಳ್ಳಲ್ಲ. ಆದರೆ ಮೋಸವನ್ನು ತಡೆಯುವ ಖರ್ಚನ್ನು ಮೋಸ ಮಾಡದವರ ಮೇಲೆ ಹಾಕಿದ ಹಾಗಾಯಿತು. ದೇವಸ್ಥಾನಗಳಿಗಾದರೂ ಹೋದ ಭೂಮಿಗೆ ಬದಲಾಗಿ ವರ್ಷಾಶನ ಎಂದು ತಸ್ತೀಕು ಬಂದಿತು. ಇಂಥ ಮನೆಗಳಿಗೆ ಬಂದದ್ದು ಗೇಣಿಯ ಲೆಕ್ಕದಲ್ಲಿ ಕಟ್ಟಿದ ಅಲ್ಪ ಪರಿಹಾರ, ಅದೂ ಅಲೆದಾಡಿದ ಮೇಲೆ.

ಉತ್ತರ 2: ಸಾಗರ ಸೀಮೆಯವ

ಮೇಲಿನವರು ಕಾಯ್ದೆಯ ಒಳಗಿನದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನನಗೆ ತಕರಾರಿರುವುದು ಪ್ರಶ್ನೆಯ ಒಂದು ಅಂಶದ ಬಗ್ಗೆ. ಒಬ್ಬರ ಸ್ವಾತಂತ್ರ್ಯ ಹೋಯಿತು, ಇನ್ನೊಬ್ಬರಿಗೆ ಸಮಾನತೆ ಬಂದಿತು ಎಂದು ಉಪನ್ಯಾಸಕರು ಲೆಕ್ಕ ಬರೆದಿದ್ದಾರೆ. ಗೇಣಿದಾರನಿಗೆ ಬಂದದ್ದೂ ಸ್ವಾತಂತ್ರ್ಯವೇ.

ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹ ಶುರುವಾದದ್ದು ಭೂಮಿಯ ಒಡೆತನ ಬೇಕು ಎಂದಲ್ಲ. ಗೇಣಿಯ ಭತ್ತ ಅಳೆಯುವ ಕೊಳಗ ಸರಿಯಾದ ಅಳತೆಯದ್ದಾಗಿರಬೇಕು, ಕೊಟ್ಟ ಗೇಣಿಗೆ ರಸೀದಿ ಬೇಕು ಎಂಬಂಥ ಬೇಡಿಕೆಗಳಿಂದ. ಅಷ್ಟು ಕೇಳಿದ್ದಕ್ಕೇ ಒಕ್ಕಲುಗಳನ್ನು ಗದ್ದೆಗೆ ಇಳಿಯದಂತೆ ತಡೆದರು. ಆಗ ಗದ್ದೆಗೆ ಇಳಿದು ಉಳುವುದೇ ಸತ್ಯಾಗ್ರಹವಾಯಿತು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೊತ್ತಿಗೆ ನಮ್ಮ ಸಂವಿಧಾನ ಜಾರಿಗೆ ಬಂದು ಒಂದು ವರ್ಷ ಕಳೆದಿತ್ತು. ಮಾತನಾಡುವ, ಸಭೆ ಸೇರುವ, ಸಂಘ ಕಟ್ಟುವ ಹಕ್ಕುಗಳೆಲ್ಲ ಆ ಒಕ್ಕಲುಗಳಿಗೂ ಕಾಗದದ ಮೇಲೆ ಇದ್ದವು. ಕೊಳಗದ ಬಗ್ಗೆ ಮಾತನಾಡಿದರೆ ಮುಂದಿನ ಮಳೆಗಾಲಕ್ಕೆ ಗದ್ದೆ ಇಲ್ಲ ಎನ್ನುವಾಗ ಆ ಹಕ್ಕಿಗೆ ಏನು ಬೆಲೆ?

ಆದ್ದರಿಂದ ನಿಮ್ಮ ವಿದ್ಯಾರ್ಥಿಗಳಿಗೆ ಹೀಗೆ ಕೇಳಬಹುದು: ಗೇಣಿದಾರನು ಧಣಿ ಹೇಳಿದ ಕಡೆಗಲ್ಲದೆ ತನ್ನ ಮನಸ್ಸಿಗೆ ಬಂದ ಕಡೆಗೆ ಮತ ಹಾಕಲು ಯಾವಾಗ ಶುರುಮಾಡಿದ? ಬಿಟ್ಟಿ ಚಾಕರಿಗೆ ಕರೆದರೆ ಇವತ್ತು ಬರಲಾಗುವುದಿಲ್ಲ ಎಂದು ಯಾವಾಗ ಹೇಳಿದ? ನಮ್ಮ ಮನೆಯಲ್ಲಿ ಇದಕ್ಕೆ ಸಿಗುವ ಉತ್ತರ, ಫಾರಂ 10 ಕೈಗೆ ಬಂದ ಮೇಲೆ ಎಂಬುದು. ಅಧಿಭೋಗ ಹಕ್ಕಿನ ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಜಗಲಿಯಲ್ಲಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದಾರೆ.

ಉತ್ತರ 3: ಒಬ್ಬ ವಕೀಲೆ

ಕಾನೂನಿನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಸಂವಿಧಾನ ಬಂದಾಗ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿತ್ತು. ಜಮೀನ್ದಾರಿ ರದ್ದತಿಯ ಕಾಯ್ದೆಗಳಿಗೆ ಅದು ಅಡ್ಡಬಂದಾಗ 1951ರ ಮೊದಲ ತಿದ್ದುಪಡಿಯಲ್ಲಿ ಒಂಬತ್ತನೇ ಅನುಸೂಚಿ ಹುಟ್ಟಿತು. ಅದರೊಳಗೆ ಹಾಕಿದ ಕಾಯ್ದೆಯನ್ನು ಮೂಲಭೂತ ಹಕ್ಕಿಗೆ ವಿರುದ್ಧ ಎಂಬ ಕಾರಣಕ್ಕೆ ಆಗ ರದ್ದುಪಡಿಸುವಂತಿರಲಿಲ್ಲ. ಕೊನೆಗೆ 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆದು 300-ಎ ವಿಧಿಯಲ್ಲಿ ಇಟ್ಟಿತು. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳಬಾರದು ಎಂಬುದಷ್ಟೇ ಈಗ ಉಳಿದಿರುವ ಸಂವಿಧಾನದ ಭರವಸೆ.

ಈ ಎಳೆದಾಟದ ನಡುವೆಯೇ ನಮ್ಮ ನೆರೆಯಿಂದ ಒಂದು ಅರ್ಜಿ ಹೋಯಿತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾಯ್ದೆಯನ್ನು ಪ್ರಶ್ನಿಸಿದ್ದರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ, ಏಳು ಮಂದಿ ಒಂದು ಕಡೆ ಮತ್ತು ಆರು ಮಂದಿ ಇನ್ನೊಂದು ಕಡೆ ಆಗಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ಹೇಳಿತು. ಮಠದ ಭೂಮಿಗೆ ಅದರಿಂದ ರಕ್ಷಣೆ ಸಿಗಲಿಲ್ಲ. ದೇಶಕ್ಕೆ ಸಿಕ್ಕ ರಕ್ಷಣೆಯ ಬಗ್ಗೆ ಹೇಳಬೇಕಾಗಿಲ್ಲ. ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು ಆ ತೀರ್ಪಾಗಿ ಒಂದು ವರ್ಷವೂ ತುಂಬುವ ಮುನ್ನ.

ಇನ್ನು ವಕೀಲರನ್ನು ಹೊರಗಿಟ್ಟ ನಿಯಮದ ವಿಷಯ. ಅದನ್ನು ನಿವೃತ್ತರು ಒಳ್ಳೆಯ ಅಂಶವೆಂಬಂತೆ ಹೇಳಿದ್ದಾರೆ. ಆ ನಿಯಮದ ಹಿಂದಿನ ಕಾಳಜಿ ನನಗೂ ಅರ್ಥವಾಗುತ್ತದೆ, ಆದರೂ ಒಪ್ಪಲಾರೆ. ಸುಪ್ರೀಂ ಕೋರ್ಟು 1987ರಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯುತ್ತಲೇ, ವಕೀಲರ ಕಾಯ್ದೆಗೆ ವಿರುದ್ಧವೆಂದು ಈ ಒಂದು ನಿಯಮವನ್ನು ತೆಗೆದುಹಾಕಿತು. ವಕೀಲರಿಲ್ಲದ ಕಡೆ ಗೇಣಿದಾರ ಮತ್ತು ಧಣಿ ಸಮಬಲರಾಗುತ್ತಾರೆ ಎಂಬುದು ಊಹೆ ಮಾತ್ರ. ಓದು ಬರಹ ಬಲ್ಲ, ಕಚೇರಿಯ ಮರ್ಜಿ ಗೊತ್ತಿರುವ ಧಣಿಗೆ ವಕೀಲನ ಅಗತ್ಯ ಕಡಿಮೆ. ಅರ್ಜಿ ತಿರಸ್ಕೃತವಾದ ಗೇಣಿದಾರರ ವಾರಸುದಾರರು ಈಗಲೂ ನನ್ನ ಬಳಿ ಬರುತ್ತಾರೆ. ಅಂದು ಅವರ ಪರವಾಗಿ ಒಂದು ಸರಿಯಾದ ಪ್ರಶ್ನೆ ಕೇಳುವವರು ಇದ್ದಿದ್ದರೆ ಇಂದು ಅಲೆಯಬೇಕಿರಲಿಲ್ಲ ಎಂದು ಕೆಲವು ಆದೇಶಗಳನ್ನು ಓದಿದರೇ ತಿಳಿಯುತ್ತದೆ. ಸಮಾನತೆಗಾಗಿ ವಿಚಾರಣೆಯನ್ನು ಸರಳಗೊಳಿಸುವುದು ಸರಿ. ಹಾಗೆಂದು ವಾದಿಸುವ ಹಕ್ಕನ್ನೇ ತೆಗೆದರೆ ಪೆಟ್ಟು ಬೀಳುವುದು ದುರ್ಬಲನಿಗೇ.

ಮಂಡಳಿಗಳ ಕೆಲಸದಲ್ಲಿ ಬಹಳಷ್ಟು ನಡೆದದ್ದು ತುರ್ತುಪರಿಸ್ಥಿತಿಯ ದಿನಗಳಲ್ಲಿ ಎಂಬುದನ್ನೂ ಪಾಠದಲ್ಲಿ ಹೇಳಬೇಕು. ಹೆದರಿಕೆಯ ವಾತಾವರಣದಲ್ಲಿ ಒಂದು ಒಳ್ಳೆಯ ಕಾಯ್ದೆ ಬೇಗ ಜಾರಿಯಾಗಿರಬಹುದು. ಆ ವೇಗವನ್ನು ಪ್ರಜಾಪ್ರಭುತ್ವದ ಲೆಕ್ಕಕ್ಕೆ ಜಮಾ ಮಾಡುವುದು ನನಗೆ ಸರಿಕಾಣದು. ಕಾಯ್ದೆಯನ್ನು ಚರ್ಚಿಸಿ ಒಪ್ಪಿದ್ದು ಮಾತ್ರ ಚುನಾಯಿತ ವಿಧಾನಮಂಡಲವೇ, ತುರ್ತುಪರಿಸ್ಥಿತಿಗೆ ಮುಂಚೆಯೇ.

ಉತ್ತರ 4: ಬಯಲುಸೀಮೆಯ ಓದುಗ

ಇಲ್ಲಿಯವರೆಗೆ ಧಣಿ ಮತ್ತು ಗೇಣಿದಾರ ಇಬ್ಬರೇ ಮಾತಿನಲ್ಲಿದ್ದಾರೆ. ನಮ್ಮ ಕಡೆ ಮೂರನೆಯವನೊಬ್ಬ ಇದ್ದ. ಅವನು ಗೇಣಿಗೂ ಭೂಮಿ ಸಿಗದೆ ಇನ್ನೊಬ್ಬರ ಹೊಲದಲ್ಲಿ ಕೂಲಿಗೋ ಜೀತಕ್ಕೋ ದುಡಿಯುತ್ತಿದ್ದವನು, ಹೆಚ್ಚಿನ ಊರುಗಳಲ್ಲಿ ದಲಿತ. ಉಳುವವನೇ ಹೊಲದೊಡೆಯ ಎಂಬ ಘೋಷಣೆಯಲ್ಲಿ ಉಳುವವನೆಂದರೆ ಗೇಣಿ ಕೊಡುವವನು; ಕೂಲಿಗಾಗಿ ನೇಗಿಲು ಹಿಡಿದವನು ಆ ಲೆಕ್ಕಕ್ಕೆ ಬರಲಿಲ್ಲ. ಅವನಿಗೆ ಬರಬೇಕಾಗಿದ್ದದ್ದು ಮಿತಿಗಿಂತ ಹೆಚ್ಚಾದ ಭೂಮಿ. ಮಿತಿ ಎಂದರೆ ಒಂದು ಕುಟುಂಬಕ್ಕೆ 10 ಯೂನಿಟ್, ನೀರಾವರಿಯಿದ್ದರೆ 10 ಎಕರೆಯಷ್ಟಾಗುತ್ತದೆ, ಒಣಭೂಮಿಯಾದರೆ 54 ಎಕರೆಯವರೆಗೂ ಹೋಗುತ್ತದೆ. ಭೂಮಿಯನ್ನು ಮಕ್ಕಳು ಮೊಮ್ಮಕ್ಕಳ ಹೆಸರಿಗೆ ಹಂಚಿ ಬರೆದ ಮೇಲೆ ಹೆಚ್ಚಾಗಿ ಉಳಿದದ್ದು ಅಷ್ಟರಲ್ಲೇ ಇತ್ತು. ಗೇಣಿದಾರರ ವಿಷಯದಲ್ಲಿ ಗಟ್ಟಿಯಾಗಿದ್ದ ಕಾಯ್ದೆ ಮಿತಿಯ ವಿಷಯದಲ್ಲಿ ಸಡಿಲವಾಗಿತ್ತು ಎಂಬುದು ಆಕಸ್ಮಿಕವಲ್ಲ ಎಂದು ನಾನು ತಿಳಿದಿದ್ದೇನೆ. ಗೇಣಿದಾರರು ಸಂಖ್ಯೆಯಲ್ಲೂ ಸಂಘಟನೆಯಲ್ಲೂ ಬಲವಾಗಿದ್ದರು, ಸರ್ಕಾರಕ್ಕೆ ಅವರ ಮತ ಬೇಕಾಗಿತ್ತು.

ಪರಿಶಿಷ್ಟರಿಗೆ ಸರ್ಕಾರವೇ ಮಂಜೂರು ಮಾಡಿದ ಭೂಮಿಯ ಕತೆ ಇನ್ನೊಂದು ಬಗೆಯದು. ನಮ್ಮವರು ಪಿಟಿಸಿಎಲ್ ಎಂದೇ ಕರೆಯುವ ಕಾಯ್ದೆ 1979ರ ಜನವರಿ 1ರಿಂದ ಜಾರಿಯಲ್ಲಿದೆ. ಮಂಜೂರಾದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಷರತ್ತು ಮುರಿದು ಮಾರಿದ್ದರೆ, ಕಾಯ್ದೆ ಬರುವುದಕ್ಕೆ ಮೊದಲೇ ಮಾರಿದ್ದರೂ, ಆ ಪರಭಾರೆ ಅಸಿಂಧು, ಭೂಮಿ ಮೂಲ ಮಂಜೂರಾತಿದಾರನಿಗೆ ಅಥವಾ ಅವನ ವಾರಸುದಾರರಿಗೆ ಹಿಂತಿರುಗಬೇಕು. ಸುಪ್ರೀಂ ಕೋರ್ಟು 1984ರಲ್ಲಿ ಇದನ್ನು ಎತ್ತಿಹಿಡಿದಿದೆ. ಮಗಳ ಮದುವೆಯ ಸಾಲಕ್ಕೆ ನಾಲ್ಕು ಎಕರೆಯನ್ನು ಮೂರು ಕಾಸಿಗೆ ಬರೆಸಿಕೊಳ್ಳುವವರಿಂದ ಈ ಕಾಯ್ದೆ ನಮ್ಮ ಓಣಿಯ ಎಷ್ಟೋ ಮನೆಗಳನ್ನು ಕಾಪಾಡಿದೆ.

ಆದರೆ ಇದರ ಮತ್ತೊಂದು ಮುಖವನ್ನೂ ನಾನೇ ಹೇಳಬೇಕು. ನಮ್ಮ ಮನೆಯಲ್ಲೇ ಮಗನನ್ನು ನರ್ಸಿಂಗ್ ಓದಿಸಲು ಒಂದು ಎಕರೆ ಮಾರಬೇಕೆಂದು ಅನುಮತಿ ಕೇಳಿದಾಗ ಕಡತ ಕಚೇರಿಯಿಂದ ಕಚೇರಿಗೆ ಅಲೆಯಿತು, ಓದಿನ ವರ್ಷವೇ ಕಳೆಯಿತು. ಪಕ್ಕದ ಹೊಲದವರು ತಮ್ಮ ಭೂಮಿಯನ್ನು ವಾರದೊಳಗೆ ಮಾರಿದರು, ಯಾರೂ ಅವರನ್ನು ಕಾರಣ ಕೇಳಲಿಲ್ಲ. ರಕ್ಷಣೆಯ ಹೆಸರಿನಲ್ಲಿ ನಮ್ಮ ಕೈಯನ್ನು ಮಾತ್ರ ಕಟ್ಟಿದಂತಾಯಿತಲ್ಲ ಎಂಬ ಸಿಟ್ಟು ಬಂದದ್ದು ನಿಜ. ಹಾಗಿದ್ದೂ ಕಾಯ್ದೆಯನ್ನು ತೆಗೆಯಿರಿ ಎಂದು ನಾನು ಹೇಳಲಾರೆ, ಯಾಕೆಂದರೆ ತೆಗೆದ ಮಾರನೆಯ ದಿನ ಯಾರು ಬರುತ್ತಾರೆಂದು ನಮಗೆ ಗೊತ್ತು. ಅನುಮತಿಯ ಅರ್ಜಿಯನ್ನು ಇಂತಿಷ್ಟು ದಿನಗಳಲ್ಲಿ ತೀರ್ಮಾನಿಸಲೇಬೇಕು, ನಿರಾಕರಿಸಿದರೆ ಕಾರಣ ಬರೆಯಬೇಕು, ನಿಜವಾದ ಅಗತ್ಯವಿದ್ದರೆ ಮಾರುಕಟ್ಟೆ ಬೆಲೆಗೆ ಸರ್ಕಾರವೇ ಕೊಂಡು ಇನ್ನೊಬ್ಬ ಭೂಹೀನನಿಗೆ ಕೊಡಬೇಕು ಎಂಬುದು ನನ್ನ ಬೇಡಿಕೆ.

ಪ್ರಶ್ನೆ ಕೇಳಿದವರು: ರಾಜ್ಯಶಾಸ್ತ್ರದ ಉಪನ್ಯಾಸಕ

ಎಲ್ಲರಿಗೂ ಕೃತಜ್ಞತೆಗಳು. ಸಾಗರದವರು ಎತ್ತಿದ ಆಕ್ಷೇಪವನ್ನು ಒಪ್ಪುತ್ತೇನೆ, ಮುಂದಿನ ಪಾಠವನ್ನು ಕಾಗೋಡಿನ ಕೊಳಗದಿಂದಲೇ ಶುರುಮಾಡುವೆ. ಬಯಲುಸೀಮೆಯವರು ಹೇಳಿದ ಮೇಲೆ ನನಗೆ ಇನ್ನೊಂದು ಸಂಶಯ ಬಂದಿದೆ. ಕಾಯ್ದೆಯ 5ನೇ ಕಲಮಿನಂತೆ ಗೇಣಿಗೆ ಕೊಡುವುದೇ ನಿಷಿದ್ಧ. ಆದರೆ ನಮ್ಮೂರಿನ ಸುತ್ತ ಗದ್ದೆಗಳನ್ನು ಬಾಯಿಮಾತಿನ ಮೇಲೆ ವರ್ಷಕ್ಕಿಷ್ಟೆಂದು ವಹಿಸಿಕೊಂಡು ಬೆಳೆ ತೆಗೆಯುತ್ತಿರುವವರನ್ನು ದಿನವೂ ನೋಡುತ್ತೇನೆ. ಗೇಣಿದಾರನ ರಕ್ಷಣೆಗೆ ಬಂದ ನಿಷೇಧವೇ ಈಗಿನ ಗೇಣಿದಾರನನ್ನು ಕಾನೂನಿನಿಂದ ಹೊರಗಿಟ್ಟಿದೆಯೇ?

ಹೆಣ್ಣುಮಕ್ಕಳ ವಿಷಯವೂ ಇದೆ. ಫಾರಂ 7ಗಳಲ್ಲಿ ಹೆಚ್ಚಿನವು ಮನೆಯ ಯಜಮಾನನ ಹೆಸರಿನಲ್ಲೇ ಇದ್ದವಲ್ಲ?

ಉತ್ತರ 5: ನಿವೃತ್ತ ಕಂದಾಯ ನೌಕರ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ನಾನು ಕಂಡ ಕಡತಗಳಲ್ಲಿ ಗಂಡಸರ ಹೆಸರೇ ಹೆಚ್ಚು. ನೇಜಿ ನೆಟ್ಟವರು, ಕಳೆ ಕಿತ್ತವರು ಹೆಂಗಸರು ಎಂದು ಸಾಕ್ಷಿಗಳ ಹೇಳಿಕೆಯಲ್ಲೇ ಬರುತ್ತಿತ್ತು, ಆದರೆ ಪ್ರಮಾಣಪತ್ರ ಯಜಮಾನನಿಗೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಎಂಬ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದಿತು. ಅದಕ್ಕೂ ಮುಂಚೆ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತು. ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂದದ್ದು 2005ರಲ್ಲಿ. ಹೀಗೆ ಒಂದು ಪೀಳಿಗೆಯ ಹೆಣ್ಣುಮಕ್ಕಳು ಎರಡು ಸುಧಾರಣೆಗಳ ನಡುವೆ ಬಿದ್ದುಹೋದರು.

ಮೊದಲನೆಯದಕ್ಕೆ, ಹೌದು ಎಂದೇ ಹೇಳಬೇಕು. ಮಾಲೀಕ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರುತ್ತಾನೆ, ಬೆಳೆ ತೆಗೆಯುವವನು ಊರಿನಲ್ಲಿ. ಚೀಟಿ ಬರೆದುಕೊಟ್ಟರೆ ನಾಳೆ ಹಕ್ಕು ಕೇಳಿಯಾನು ಎಂಬ ಹೆದರಿಕೆ ಮಾಲೀಕನಿಗೆ ಐವತ್ತು ವರ್ಷಗಳಾದರೂ ಹೋಗಿಲ್ಲ. ಹಾಗಾಗಿ ಪಹಣಿಯಲ್ಲಿ ಮಾಲೀಕನ ಹೆಸರು, ಬೆಳೆ ಸಾಲ ಮಾಲೀಕನ ಹೆಸರಿಗೆ, ನೆರೆ ಬಂದು ಬೆಳೆ ಕೊಳೆತರೆ ಪರಿಹಾರವೂ ಮಾಲೀಕನ ಖಾತೆಗೆ. ದುಡಿದವನು ಅವನ ಬಳಿ ಕೇಳಿ ಪಡೆಯಬೇಕು. ಆಂಧ್ರಪ್ರದೇಶ 2019ರಲ್ಲಿ ಒಂದು ಕಾಯ್ದೆ ಮಾಡಿ, ಮಾಲೀಕನ ಒಪ್ಪಿಗೆಯ ಮೇಲೆ 11 ತಿಂಗಳ ಅವಧಿಗೆ ಸಾಗುವಳಿದಾರನಿಗೆ ಗುರುತಿನ ಪತ್ರ ಕೊಡುವ ಏರ್ಪಾಡು ಮಾಡಿತು. ಅದರಿಂದ ಒಡೆತನಕ್ಕೆ ಧಕ್ಕೆಯಿಲ್ಲ, ಸಾಲಕ್ಕೂ ವಿಮೆಗೂ ಸಾಗುವಳಿದಾರ ಅರ್ಹನಾಗುತ್ತಾನೆ. ಮಾಲೀಕನ ಸಹಿ ಬೇಕು ಎಂಬುದೇ ಅದರ ದುರ್ಬಲ ಭಾಗ.

ನಮ್ಮಲ್ಲಿ 2020ರಲ್ಲಿ ಕಾಯ್ದೆಯನ್ನು ತಿದ್ದಿದಾಗ 79-ಎ ಮತ್ತು 79-ಬಿ ಕಲಮುಗಳನ್ನು ತೆಗೆದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿದರು. ಕೊಳ್ಳುವವನ ಸ್ವಾತಂತ್ರ್ಯ ವಿಸ್ತಾರವಾಯಿತು. ಬಾಯಿಮಾತಿನಲ್ಲಿ ಸಾಗುವಳಿ ಮಾಡುವವನ ಹೆಸರನ್ನು ಪಹಣಿಯ 12ನೇ ಕಲಮಿನಲ್ಲಿ ಬರೆಯಲು ಅದೇ ಹೊತ್ತಿಗೆ ಒಂದು ದಾರಿ ಮಾಡಬಹುದಾಗಿತ್ತು, ಮಾಡಲಿಲ್ಲ. ನಿಮ್ಮ ವಿದ್ಯಾರ್ಥಿಗಳನ್ನು ಒಂದು ದಿನ ಗ್ರಾಮ ಆಡಳಿತಾಧಿಕಾರಿಯ ಕಚೇರಿಗೆ ಕರೆದುಕೊಂಡು ಹೋಗಿ, ಊರಿನ ಹತ್ತು ಪಹಣಿ ತೆಗೆಸಿ, ಆ ಕಲಮಿನಲ್ಲಿರುವ ಹೆಸರನ್ನೂ ಗದ್ದೆಯಲ್ಲಿರುವ ಮನುಷ್ಯನನ್ನೂ ತಾಳೆ ನೋಡಲು ಹೇಳಿ. ನೇಜಿಯ ಕಾಲದಲ್ಲಿ ಹೋದರೆ ಇಬ್ಬರೂ ಸಿಗುತ್ತಾರೆ.